ಸ್ತನ ಕ್ಯಾನ್ಸರ್ ತಪಾಸಣೆ: ಗೊತ್ತಿದ್ದರೂ ಎಷ್ಟೋ ಮಹಿಳೆಯರು ಯಾಕೆ ಹೋಗುವುದಿಲ್ಲ?

2005ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಗಾಯಕಿ ಕೈಲಿ ಮಿನೋಗ್ ಅವರಿಗೆ ಸ್ತನ ಕ್ಯಾನ್ಸರ್ ಇದೆ ಎಂಬ ಸುದ್ದಿ ಹೊರಬಿತ್ತು. ಆಗ ಅವರಿಗೆ 36 ವರ್ಷ. ಸುದ್ದಿ ಬಿಸಿಯಾಗಿದ್ದ ಎರಡು ವಾರಗಳಲ್ಲಿ ಆ ದೇಶದ ತಪಾಸಣಾ ಕೇಂದ್ರಗಳಲ್ಲಿ ಬುಕಿಂಗ್ ಶೇ 40ರಷ್ಟು ಏರಿತು ಎಂದು ಒಂದು ಅಧ್ಯಯನ ಲೆಕ್ಕ ಹಾಕಿತು. 40ರಿಂದ 69 ವರ್ಷದ ಮಹಿಳೆಯರಲ್ಲಿ ಅದುವರೆಗೆ ಒಮ್ಮೆಯೂ ತಪಾಸಣೆ ಮಾಡಿಸದವರ ಬುಕಿಂಗ್ ಅಂತೂ ಅದೇ ಎರಡು ವಾರಗಳಲ್ಲಿ ದುಪ್ಪಟ್ಟಾಯಿತು.

ಸುದ್ದಿ ಬರುವ ಹಿಂದಿನ ದಿನವೂ ಆ ಕೇಂದ್ರಗಳು ತೆರೆದೇ ಇದ್ದವು. ತಪಾಸಣೆಗೆ ದುಡ್ಡು ಕೊಡಬೇಕಿರಲಿಲ್ಲ. ಸ್ತನ ಕ್ಯಾನ್ಸರ್ ಎಂಬ ಹೆಸರು ಆ ಮಹಿಳೆಯರಿಗೆ ಹೊಸದೂ ಅಲ್ಲ. ಆದರೂ ಅಷ್ಟು ದಿನ ಹೋಗದವರು ಈಗ ಫೋನ್ ಎತ್ತಿಕೊಂಡರು.

ಪ್ರಸಿದ್ಧರೊಬ್ಬರ ಕಾಯಿಲೆ ಸುದ್ದಿಯಾದಾಗಲೋ, ಪರಿಚಯದವರಿಗೇ ಬಂದಾಗಲೋ "ನಾನೂ ಮಾಡಿಸಬೇಕಾ?" ಎಂಬ ಪ್ರಶ್ನೆ ತಟ್ಟನೆ ಏಳುತ್ತದೆ. ಅದರ ಬೆನ್ನಿಗೇ "ಇಷ್ಟು ದಿನ ಯಾಕೆ ಮಾಡಿಸಲಿಲ್ಲ?" ಎಂಬುದೂ ಬರುತ್ತದೆ. ಇದಕ್ಕೆ ಎಲ್ಲರೂ ಕೊಡುವ ಉತ್ತರ "ಅರಿವು ಕಡಿಮೆ" ಎಂದು. ಅರಿವು ಬೇಕು, ನಿಜ. ಆದರೆ ಗೊತ್ತಿರುವುದಕ್ಕೂ ಹೋಗಿ ಮಾಡಿಸಿಕೊಳ್ಳುವುದಕ್ಕೂ ನಡುವೆ ದೊಡ್ಡ ಅಂತರ ಇದೆ. ಆ ಅಂತರದಲ್ಲಿ ಏನೇನಿದೆ ಎಂಬುದನ್ನು ಸಂಶೋಧಕರು ಎಪ್ಪತ್ತು ವರ್ಷಗಳಿಂದ ಹುಡುಕುತ್ತಿದ್ದಾರೆ. ಅವರಿಗೆ ಸಿಕ್ಕಿರುವುದನ್ನು ಒಂದೊಂದಾಗಿ ನೋಡೋಣ.

ಸ್ಕ್ರೀನಿಂಗ್ ಅಂದರೆ ಏನು?

ಸ್ಕ್ರೀನಿಂಗ್ ಎಂದರೆ ಯಾವ ತೊಂದರೆಯೂ ಕಾಣದಿರುವಾಗ ಮಾಡಿಸುವ ತಪಾಸಣೆ. ಗಂಟು ಕೈಗೆ ಸಿಕ್ಕಿದೆ, ತೊಟ್ಟಿನಿಂದ ರಕ್ತ ಬರುತ್ತಿದೆ ಎಂದು ಹೋಗಿ ಮಾಡಿಸುವುದು ಸ್ಕ್ರೀನಿಂಗ್ ಅಲ್ಲ, ಅದು ಕಾಯಿಲೆ ಪತ್ತೆ ಮಾಡುವ ಪರೀಕ್ಷೆ. ಗೋಡೆಯೊಳಗಿನ ನೀರಿನ ಪೈಪು ಸೋರುತ್ತಿದ್ದರೆ ಗೋಡೆಗೆ ತೇವ ಏರಿದ ಮೇಲೆ ನಮಗೆ ತಿಳಿಯುತ್ತದೆ. ಗೋಡೆ ಒಣಗಿದ್ದಾಗಲೇ ಪೈಪು ನೋಡಿಸುವುದು ಸ್ಕ್ರೀನಿಂಗ್. ತೊಡಕು ಇರುವುದೂ ಇಲ್ಲೇ. ಗೋಡೆ ಚೆನ್ನಾಗಿ ಕಾಣುತ್ತಿರುವಾಗ ಪ್ಲಂಬರ್‌ನನ್ನು ಕರೆಯಲು ಯಾರಿಗೂ ಅವಸರ ಇರುವುದಿಲ್ಲ, ಅಲ್ವಾ?

ಹೆಚ್ಚು ಬಳಕೆಯಲ್ಲಿರುವುದು ಮ್ಯಾಮೊಗ್ರಾಮ್, ಅಂದರೆ ಸ್ತನದ ಎಕ್ಸ್-ರೇ. ಸೊಂಟದ ಮೇಲಿನ ಬಟ್ಟೆ ತೆಗೆದು ಯಂತ್ರದ ಮುಂದೆ ನಿಲ್ಲಬೇಕು. ಯಂತ್ರ ನಡೆಸುವವರು ಸ್ತನವನ್ನು ಕೈಯಿಂದ ಎತ್ತಿ ಒಂದು ತಟ್ಟೆಯ ಮೇಲೆ ಸರಿಯಾಗಿ ಕೂರಿಸುತ್ತಾರೆ. ಮೇಲಿನಿಂದ ಪಾರದರ್ಶಕ ಪ್ಲಾಸ್ಟಿಕ್ ಹಲಗೆ ಇಳಿದು ಅದನ್ನು ಒತ್ತಿ ಚಪ್ಪಟೆ ಮಾಡುತ್ತದೆ. ಕೆಲವು ಸೆಕೆಂಡು ಅಲುಗಾಡದೆ ನಿಂತರೆ ಚಿತ್ರ ಸಿಗುತ್ತದೆ. ಮೇಲಿನಿಂದ ಒಂದು, ಓರೆಯಾಗಿ ಒಂದು. ಎರಡೂ ಕಡೆ ಸೇರಿ ನಾಲ್ಕು ಚಿತ್ರ. ಹೀಗೆ ಒತ್ತುವುದಕ್ಕೆ ಕಾರಣ ಇದೆ. ಒಳಗಿನ ಅಂಗಾಂಶ ಹರಡಿಕೊಂಡರೆ ಒಂದರ ಹಿಂದೆ ಇನ್ನೊಂದು ಅಡಗುವುದಿಲ್ಲ, ಕಡಿಮೆ ವಿಕಿರಣದಲ್ಲೇ ಚಿತ್ರ ಸ್ಪಷ್ಟವಾಗಿ ಬರುತ್ತದೆ. ಆ ವಿಕಿರಣ ಸುಮಾರು 0.4 ಮಿಲಿಸೀವರ್ಟ್. ನೆಲ, ಗಾಳಿ, ಆಕಾಶದಿಂದ ನಮಗೆಲ್ಲ ಸಹಜವಾಗಿ ಸುಮಾರು ಏಳು ವಾರಗಳಲ್ಲಿ ಸಿಗುವಷ್ಟು.

ಇನ್ನೊಂದು ವಿಧಾನದಲ್ಲಿ ಯಂತ್ರ ಬೇಡ. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆ ಅಥವಾ ವೈದ್ಯರು ಕೈಯಿಂದ ಮುಟ್ಟಿ ಪರೀಕ್ಷಿಸುತ್ತಾರೆ. ಮುಂಬೈಯ ಟಾಟಾ ಮೆಮೋರಿಯಲ್ ಸಂಸ್ಥೆ 1998ರಲ್ಲಿ ಇದನ್ನು ದೊಡ್ಡ ಮಟ್ಟದಲ್ಲಿ ಪರೀಕ್ಷೆಗೆ ಒಡ್ಡಿತು. 35ರಿಂದ 64 ವರ್ಷದ ಒಂದೂವರೆ ಲಕ್ಷ ಮಹಿಳೆಯರನ್ನು ಎರಡು ಗುಂಪು ಮಾಡಿ 20 ವರ್ಷ ಗಮನಿಸಿದರು. 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಶೇ 30ರ ಹತ್ತಿರ ಕಡಿಮೆಯಾಗಿತ್ತು. ಅದಕ್ಕಿಂತ ಚಿಕ್ಕವರಲ್ಲಿ ಅಂಥ ಲಾಭ ಕಾಣಲಿಲ್ಲ.

ಹಾಗಾದರೆ ತಿಂಗಳಿಗೊಮ್ಮೆ ತಾನೇ ಮುಟ್ಟಿ ನೋಡಿಕೊಳ್ಳುವುದು? ಚೀನಾದ ಶಾಂಘೈನಲ್ಲಿ ಜವಳಿ ಗಿರಣಿಗಳ ಎರಡೂವರೆ ಲಕ್ಷಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದ ಅಧ್ಯಯನದ ಫಲಿತಾಂಶ 2002ರಲ್ಲಿ ಬಂತು. ಅರ್ಧದಷ್ಟು ಜನರಿಗೆ ಚೆನ್ನಾಗಿ ಕಲಿಸಿಕೊಟ್ಟಿದ್ದರೂ ಸಾವಿನ ಸಂಖ್ಯೆಯಲ್ಲಿ ವ್ಯತ್ಯಾಸ ಆಗಲಿಲ್ಲ. ಕ್ಯಾನ್ಸರ್ ಅಲ್ಲದ ಗಂಟುಗಳಿಗೆ ಬಯಾಪ್ಸಿ ಮಾತ್ರ ಜಾಸ್ತಿಯಾಯಿತು. ಬಯಾಪ್ಸಿ ಎಂದರೆ ಸೂಜಿಯಿಂದಲೋ ಸಣ್ಣ ಶಸ್ತ್ರಕ್ರಿಯೆಯಿಂದಲೋ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ತನ್ನ ದೇಹ ಸಾಮಾನ್ಯವಾಗಿ ಹೇಗಿರುತ್ತದೆ ಎಂಬ ಪರಿಚಯ ಇರುವುದು ಒಳ್ಳೆಯದೇ. ಆದರೆ "ನಾನೇ ನೋಡಿಕೊಳ್ಳುತ್ತೇನೆ, ಇನ್ಯಾಕೆ ಮ್ಯಾಮೊಗ್ರಾಮ್" ಎಂದುಕೊಳ್ಳುವುದಕ್ಕೆ ಆಧಾರ ಇಲ್ಲ.

ಮಾಡಿಸಿದರೆ ಎಷ್ಟು ಉಪಯೋಗ?

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2022ರಲ್ಲಿ ಜಗತ್ತಿನ 23 ಲಕ್ಷ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಪತ್ತೆಯಾಯಿತು. 6 ಲಕ್ಷ 70 ಸಾವಿರ ಜನ ತೀರಿಕೊಂಡರು. ಈ ಸಾವು ಎಲ್ಲ ಕಡೆ ಒಂದೇ ಥರ ಇಲ್ಲ. ತುಂಬ ಮುಂದುವರಿದ ದೇಶಗಳಲ್ಲಿ 12 ಮಹಿಳೆಯರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಈ ಕಾಯಿಲೆ ಬರುತ್ತದೆ, 71ರಲ್ಲಿ ಒಬ್ಬರು ಇದರಿಂದ ಸಾಯುತ್ತಾರೆ. ತೀರಾ ಹಿಂದುಳಿದ ದೇಶಗಳಲ್ಲಿ 27ರಲ್ಲಿ ಒಬ್ಬರಿಗೆ ಮಾತ್ರ ಪತ್ತೆಯಾಗುತ್ತದೆ. ಆದರೆ 48ರಲ್ಲಿ ಒಬ್ಬರು ಸಾಯುತ್ತಾರೆ. ಕಾಯಿಲೆ ಕಡಿಮೆ, ಸಾವು ಜಾಸ್ತಿ. ತಡವಾಗಿ ಗೊತ್ತಾಗುವುದು ಮತ್ತು ಸರಿಯಾದ ಚಿಕಿತ್ಸೆ ಸಿಗದಿರುವುದು ಇದಕ್ಕೆ ದೊಡ್ಡ ಕಾರಣ.

ಮ್ಯಾಮೊಗ್ರಾಮ್‌ನ ಮೊದಲ ದೊಡ್ಡ ಪರೀಕ್ಷೆ ನ್ಯೂಯಾರ್ಕಿನಲ್ಲಿ 1963ರಲ್ಲಿ ಶುರುವಾಯಿತು. 1977ರಲ್ಲಿ ಸ್ವೀಡನ್ನಿನ ಎರಡು ಜಿಲ್ಲೆಗಳಲ್ಲಿ ಶುರುವಾದ ಅಧ್ಯಯನ, ತಪಾಸಣೆಗೆ ಕರೆದ ಗುಂಪಿನಲ್ಲಿ ಸಾವು ಶೇ 30ರಷ್ಟು ಇಳಿದದ್ದನ್ನು ತೋರಿಸಿತು. ಕೆನಡಾದ ಒಂದು ಅಧ್ಯಯನದಲ್ಲಿ ಮಾತ್ರ ಲಾಭ ಕಾಣಲಿಲ್ಲ, ಅದರ ಮೇಲೆ ತಜ್ಞರ ನಡುವೆ ಇವತ್ತಿಗೂ ವಾದ ಇದೆ. ಎಲ್ಲವನ್ನೂ ಕೂಡಿಸಿ ನೋಡಿದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಹೇಳಿದ್ದು ಹೀಗೆ: 50ರಿಂದ 69 ವರ್ಷದವರಲ್ಲಿ, ತಪಾಸಣೆಗೆ ಆಹ್ವಾನ ಪಡೆದವರನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡರೆ ಸ್ತನ ಕ್ಯಾನ್ಸರ್ ಸಾವು ಸುಮಾರು ಶೇ 23 ಕಡಿಮೆ. ನಿಜವಾಗಿ ಹೋಗಿ ಮಾಡಿಸಿಕೊಂಡವರಲ್ಲಿ ಸುಮಾರು ಶೇ 40 ಕಡಿಮೆ.

ಕರೆ ಬಂದವರಿಗೂ ಹೋದವರಿಗೂ ಇರುವ ಈ ವ್ಯತ್ಯಾಸವೇ ಈ ಲೇಖನದ ವಿಷಯ.

ಇನ್ನೊಂದು ಮುಖವನ್ನೂ ಹೇಳಲೇಬೇಕು. ಕೆಲವು ಕ್ಯಾನ್ಸರ್‌ಗಳು ಎಷ್ಟು ನಿಧಾನ ಎಂದರೆ, ಪತ್ತೆಯೇ ಆಗದಿದ್ದರೂ ಆ ಮಹಿಳೆಗೆ ಜೀವನದಲ್ಲಿ ತೊಂದರೆ ಆಗುತ್ತಿರಲಿಲ್ಲ. ಯಾವುದು ಅಂಥದ್ದು ಎಂದು ಮೊದಲೇ ಹೇಳಲು ಬರುವುದಿಲ್ಲ. ಹಾಗಾಗಿ ಎಲ್ಲಕ್ಕೂ ಚಿಕಿತ್ಸೆ ಆಗುತ್ತದೆ. ಇದನ್ನು ಅತಿಪತ್ತೆ ಎನ್ನಬಹುದು. 2012ರಲ್ಲಿ ಬ್ರಿಟನ್ನಿನ ತಜ್ಞರ ಸಮಿತಿ ಲೆಕ್ಕ ಹಾಕಿದಂತೆ, 50ನೇ ವಯಸ್ಸಿನಿಂದ 20 ವರ್ಷ ತಪಾಸಣೆಗೆ ಕರೆದ 10,000 ಮಹಿಳೆಯರಲ್ಲಿ 43 ಸಾವು ತಪ್ಪುತ್ತದೆ, 129 ಜನರಿಗೆ ಅತಿಪತ್ತೆ ಆಗುತ್ತದೆ. ಬಹಳಷ್ಟು ಪ್ರಚಾರ ಪತ್ರಗಳಲ್ಲಿ ಈ ಎರಡನೆಯ ಅಂಕಿ ಇರುವುದೇ ಇಲ್ಲ. ಇರಬೇಕು ಎಂಬುದು ನನ್ನ ಅಭಿಪ್ರಾಯ. ತನ್ನ ದೇಹದ ಬಗ್ಗೆ ತೀರ್ಮಾನ ಮಾಡುವವಳಿಗೆ ಪೂರ್ತಿ ಲೆಕ್ಕ ಸಿಗಬೇಕು.

ಮನಸ್ಸಿನೊಳಗಿನ ತಕ್ಕಡಿ

1950ರ ದಶಕದ ಆರಂಭ. ಅಮೆರಿಕದ ಸಾರ್ವಜನಿಕ ಆರೋಗ್ಯ ಇಲಾಖೆ ಕ್ಷಯರೋಗ ಪತ್ತೆಗೆ ಎಕ್ಸ್-ರೇ ವ್ಯಾನುಗಳನ್ನು ಬಡಾವಣೆಗಳಿಗೇ ಕಳಿಸಿತು. ಬಿಟ್ಟಿ ಪರೀಕ್ಷೆ, ಮನೆ ಹತ್ತಿರವೇ. ಆದರೂ ಎಷ್ಟೋ ಜನ ಬರಲಿಲ್ಲ. ಯಾಕೆ ಎಂದು ಹುಡುಕಲು ಹೊರಟ ಮನಶ್ಶಾಸ್ತ್ರಜ್ಞ ಗಾಡ್‌ಫ್ರೆ ಹಾಕ್‌ಬಾಮ್ ಒಂದು ಸಾವಿರಕ್ಕೂ ಹೆಚ್ಚು ಜನರನ್ನು ಮಾತಾಡಿಸಿದರು. "ಈ ಕಾಯಿಲೆ ನನಗೂ ಬರಬಹುದು" ಎಂದು ನಂಬಿ, "ಬೇಗ ಗೊತ್ತಾದರೆ ಉಪಯೋಗ ಇದೆ" ಎಂದೂ ನಂಬಿದವರಲ್ಲಿ ಶೇ 82 ಜನ ಎಕ್ಸ್-ರೇ ಮಾಡಿಸಿದ್ದರು. ಎರಡೂ ನಂಬಿಕೆ ಇಲ್ಲದವರಲ್ಲಿ ಮಾಡಿಸಿದ್ದವರು ಶೇ 21 ಮಾತ್ರ.

ಇದರಿಂದ ಬೆಳೆದ ಚಿಂತನೆಗೆ ಆರೋಗ್ಯ ನಂಬಿಕೆ ಮಾದರಿ ಎಂದು ಹೆಸರು. ಸ್ತನ ಕ್ಯಾನ್ಸರ್ ತಪಾಸಣೆಯ ಅಧ್ಯಯನಗಳಲ್ಲಿ ಇದನ್ನು ತುಂಬಾ ಬಳಸುತ್ತಾರೆ. ವಿಷಯ ಸರಳ. ಒಬ್ಬ ಮಹಿಳೆ ತಪಾಸಣೆಗೆ ಹೋಗುವ ಮುಂಚೆ ಮನಸ್ಸಿನಲ್ಲೇ ಕೆಲವು ಪ್ರಶ್ನೆ ಕೇಳಿಕೊಳ್ಳುತ್ತಾಳೆ. ನನಗೆ ಬರುವ ಸಾಧ್ಯತೆ ಇದೆಯಾ? ಬಂದರೆ ಎಷ್ಟು ಗಂಭೀರ? ಮಾಡಿಸಿದರೆ ಏನು ಲಾಭ? ಏನೇನು ಅಡ್ಡಿ? ನನ್ನಿಂದ ಆಗುತ್ತದಾ? ಇಷ್ಟರ ಜೊತೆಗೆ "ಈಗಲೇ ಹೊರಡು" ಎಂದು ತಳ್ಳುವ ಏನಾದರೂ ಒಂದು ಬೇಕು. ಒಂದು ಪತ್ರ, ವೈದ್ಯರ ಮಾತು, ಗೆಳತಿಯ ಫೋನ್, ಟಿವಿಯಲ್ಲಿ ಬಂದ ಸುದ್ದಿ. 2005ರಲ್ಲಿ ಆಸ್ಟ್ರೇಲಿಯಾದ ಮಹಿಳೆಯರಿಗೆ ಸಿಕ್ಕಿದ್ದು ಈ ಕೊನೆಯದು.

ಸುದ್ದಿಯ ತಳ್ಳುವಿಕೆಗೆ ಗುರಿ ಇರುವುದಿಲ್ಲ ಎಂಬುದನ್ನೂ ಮರೆಯಬಾರದು. ಅದೇ ಸುದ್ದಿಯ ನಂತರ ಆಸ್ಟ್ರೇಲಿಯಾದಲ್ಲಿ ತಪಾಸಣೆಯ ವಯಸ್ಸೇ ಆಗಿರದ ಚಿಕ್ಕ ವಯಸ್ಸಿನವರಲ್ಲೂ ಸ್ಕ್ಯಾನ್, ಬಯಾಪ್ಸಿ ಹೆಚ್ಚಾದವು. ಕ್ಯಾನ್ಸರ್ ಶಸ್ತ್ರಚಿಕಿತ್ಸೆಗಳು ಹೆಚ್ಚಾಗಲಿಲ್ಲ. ಅಂದರೆ ಹೊಸದಾಗಿ ಹೋದ ಆ ಯುವತಿಯರಲ್ಲಿ ಕಾಯಿಲೆ ಇದ್ದವರು ಹೆಚ್ಚೇನೂ ಸಿಗಲಿಲ್ಲ.

ಮೊದಲ ಪ್ರಶ್ನೆಯಲ್ಲೇ ಎಡವುವವರು ತುಂಬಾ ಜನ. "ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ, ನನಗೆ ಯಾಕೆ ಬರುತ್ತದೆ?" ಎಂಬುದು ಎಲ್ಲೆಡೆ ಕೇಳಿಬರುವ ಮಾತು. ಆನುವಂಶಿಕವಾಗಿ ಬಂದ ಜೀನ್ ದೋಷದಿಂದ ಆಗುವುದು ಶೇ 5ರಿಂದ 10 ಸ್ತನ ಕ್ಯಾನ್ಸರ್ ಮಾತ್ರ. ಕಾಯಿಲೆ ಬಂದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೆಣ್ಣಾಗಿರುವುದು ಮತ್ತು ವಯಸ್ಸಾಗಿರುವುದು ಬಿಟ್ಟು ಬೇರೆ ಗುರುತಿಸಬಹುದಾದ ಅಪಾಯದ ಕಾರಣ ಇರಲಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. "ನನಗೇನೂ ನೋವಿಲ್ಲ" ಎಂಬುದೂ ಇಂಥದ್ದೇ. ಶುರುವಿನಲ್ಲಿ ಸ್ತನ ಕ್ಯಾನ್ಸರ್ ಸಾಮಾನ್ಯವಾಗಿ ನೋಯುವುದೇ ಇಲ್ಲ.

ಭಯ ಎರಡೂ ಕಡೆಗೆ ಎಳೆಯುತ್ತದೆ

ಭಯ ಇದ್ದರೆ ಜನ ಬೇಗ ಹೋಗುತ್ತಾರೆ ಎಂದು ನಾವು ಅಂದುಕೊಳ್ಳುತ್ತೇವೆ. ಅಷ್ಟು ಸುಲಭ ಅಲ್ಲ. ಯಾವುದರ ಭಯ ಎಂಬುದರ ಮೇಲೆ ಎಲ್ಲ ನಿಂತಿದೆ. "ನನಗೆ ಬರಬಹುದೇನೋ" ಎಂಬ ಸಣ್ಣ ಆತಂಕ ಮಹಿಳೆಯನ್ನು ಕೇಂದ್ರದ ಕಡೆ ನಡೆಸುತ್ತದೆ. "ಇದೆ ಎಂದು ಹೇಳಿಬಿಟ್ಟರೆ?" ಎಂಬ ಭಯ ಮನೆಯಲ್ಲೇ ಕೂರಿಸುತ್ತದೆ. ಮ್ಯಾಮೊಗ್ರಾಮ್ ಮಾಡಿಸದೇ ಇದ್ದರೆ ಕೆಟ್ಟ ಸುದ್ದಿ ಬರುವುದಿಲ್ಲ ಎಂದು ಮನಸ್ಸು ಸಮಾಧಾನ ಮಾಡಿಕೊಳ್ಳುತ್ತದೆ.

ಇದಕ್ಕಿಂತ ಆಳವಾದದ್ದು ಕೈಚೆಲ್ಲುವ ಮನೋಭಾವ. ಕ್ಯಾನ್ಸರ್ ಎಂದರೆ ಸಾವೇ, ಬೇಗ ಗೊತ್ತಾದರೆ ಬೇಗ ಸಂಕಟ ಶುರು, ಅಷ್ಟೇ ಎಂಬ ನಂಬಿಕೆ. ಇದನ್ನು ಮೂಢತನ ಎಂದು ತಳ್ಳಿಹಾಕುವುದು ಸರಿಯಲ್ಲ. ಸುತ್ತಮುತ್ತ ನೋಡಿದ ಪ್ರತಿಯೊಬ್ಬ ರೋಗಿಯೂ ಕೊನೆಯ ಹಂತದಲ್ಲೇ ಆಸ್ಪತ್ರೆ ಸೇರಿ ತೀರಿಹೋಗಿದ್ದರೆ, ಬೇರೆ ಥರ ನಂಬಲು ಆಕೆಗೆ ಯಾವ ಉದಾಹರಣೆ ಇದೆ? ಕಾಯಿಲೆ ದಾಟಿ ಮಾಮೂಲಿ ಬದುಕು ನಡೆಸುತ್ತಿರುವ ಒಬ್ಬಾಕೆ ಎದುರು ಕುಳಿತು ಮಾತಾಡಿದರೆ ಕರಪತ್ರ ಮಾಡಲಾಗದ ಕೆಲಸ ಆಗುತ್ತದೆ. ಗುಣವಾದವರಲ್ಲಿ ಎಷ್ಟೋ ಮಂದಿ ತಮಗೆ ಬಂದಿತ್ತು ಎಂದು ಹೇಳಿಕೊಳ್ಳುವುದಿಲ್ಲ. ಹಾಗಾಗಿ ಎಲ್ಲರಿಗೂ ಕಾಣುವುದು ಸತ್ತವರ ಲೆಕ್ಕ ಮಾತ್ರ.

ಅಮೆರಿಕದ ಅಧ್ಯಕ್ಷರ ಪತ್ನಿ ಬೆಟ್ಟಿ ಫೋರ್ಡ್ 1974ರ ಸೆಪ್ಟೆಂಬರಿನಲ್ಲಿ ಸ್ತನ ತೆಗೆಯುವ ಶಸ್ತ್ರಚಿಕಿತ್ಸೆಗೆ ಒಳಗಾದರು. ಅದನ್ನು ಮುಚ್ಚಿಡದೆ ಹೇಳಿಕೊಂಡರು. ಆ ಕಾಲಕ್ಕೆ ಸ್ತನ ಎಂಬ ಪದವನ್ನೇ ಸಾರ್ವಜನಿಕವಾಗಿ ಆಡಲು ಜನ ಹಿಂಜರಿಯುತ್ತಿದ್ದರು. ಅವರು ಮಾತಾಡಿದ ಮೇಲೆ ಪರೀಕ್ಷೆಗೆ ಬರುವವರ ಸಂಖ್ಯೆ ಏರಿತು, ಪತ್ತೆಯಾದ ಪ್ರಕರಣಗಳೂ ಒಮ್ಮೆಗೇ ಹೆಚ್ಚಾದವು.

ನಾಚಿಕೆ, ನೋವು, ಹಿಂದಿನ ಅನುಭವ

ಅಪರಿಚಿತರ ಮುಂದೆ ಎದೆ ತೆರೆದು ನಿಲ್ಲುವುದು ಯಾರಿಗೂ ಹಗುರ ಅಲ್ಲ. ಯಂತ್ರ ನಡೆಸುವವರು ಹೆಂಗಸೇ ಆಗಿರುತ್ತಾರೆ ಎಂದು ಮುಂಚೆಯೇ ತಿಳಿಸಿದರೆ ಬರಲು ಒಪ್ಪುವವರು ಬೇಕಾದಷ್ಟು ಜನ ಇದ್ದಾರೆ. ತಿಳಿಸದಿದ್ದರೆ ಅವರು ಕೇಳುವುದೂ ಇಲ್ಲ, ಬರುವುದೂ ಇಲ್ಲ. ಭಾಷೆ ಬಾರದ ಊರಿನಲ್ಲಿರುವವರು, ದಪ್ಪ ಇರುವವರು, ಅಂಗವೈಕಲ್ಯ ಅಥವಾ ಮಾನಸಿಕ ಕಾಯಿಲೆ ಇರುವವರು ತಪಾಸಣೆಗೆ ಕಡಿಮೆ ಬರುತ್ತಾರೆ ಎಂಬುದು ಬೇರೆಬೇರೆ ದೇಶಗಳ ಅಧ್ಯಯನಗಳಲ್ಲಿ ಕಂಡಿದೆ. ಗಾಲಿಕುರ್ಚಿಯಲ್ಲಿ ಕುಳಿತವರ ಎತ್ತರಕ್ಕೆ ಯಂತ್ರ ಇಳಿಯದಿದ್ದರೆ "ಆಕೆ ಬರಲಿಲ್ಲ" ಎಂದು ದಾಖಲೆಯಲ್ಲಿ ಬರೆಯುವುದು ಅನ್ಯಾಯ.

ನೋವಿನ ವಿಷಯವನ್ನು ಮುಚ್ಚಿಟ್ಟು ಪ್ರಯೋಜನ ಇಲ್ಲ. ಕೆಲವರಿಗೆ ಬರೀ ಒತ್ತಿದಂತೆ ಅನಿಸುತ್ತದೆ, ಕೆಲವರಿಗೆ ನಿಜವಾಗಿಯೂ ನೋಯುತ್ತದೆ. ಮೊದಲ ಸಲ ತುಂಬಾ ನೊಂದವರಲ್ಲಿ ಎರಡನೆಯ ಸಲ ಬರದಿರುವವರು ಜಾಸ್ತಿ. ನೋವು ಕಡಿಮೆ ಮಾಡಲು ಏನು ಮಾಡಬಹುದು ಎಂದು ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ ಒಂದು ವಿಷಯ ಹೊರಬಂತು. ಮೊದಲೇ ಪ್ಯಾರಾಸಿಟಮಾಲ್ ನುಂಗಿದ್ದರಿಂದ ವ್ಯತ್ಯಾಸ ಆಗಲಿಲ್ಲ. ಏನು ಮಾಡುತ್ತಾರೆ, ಯಾಕೆ ಒತ್ತುತ್ತಾರೆ ಎಂದು ಮುಂಚಿತವಾಗಿ ವಿವರಿಸಿ ಹೇಳಿದಾಗ ನೋವು, ಕಿರಿಕಿರಿ ಕಡಿಮೆಯಾಯಿತು! ಎರಡು ನಿಮಿಷದ ಮಾತು ಮಾತ್ರೆಗಿಂತ ಚೆನ್ನಾಗಿ ಕೆಲಸ ಮಾಡಿತು.

ಹೋಗುವವರಿಗೆ ಉಪಯೋಗವಾಗುವ ಸಣ್ಣ ವಿಷಯಗಳೂ ಇವೆ. ಮುಟ್ಟಾಗುವ ಮುಂಚಿನ ವಾರ ಸ್ತನ ಬಿಗಿದು ನೋಯುತ್ತಿರುತ್ತದೆ, ಹಾಗಾಗಿ ಮುಟ್ಟು ಮುಗಿದ ಮೇಲಿನ ದಿನ ಆರಿಸಿಕೊಳ್ಳಿ. ಅವತ್ತು ಕಂಕುಳಿಗೆ ಪೌಡರ್, ಡಿಯೋಡರೆಂಟ್ ಹಾಕಬೇಡಿ, ಚಿತ್ರದಲ್ಲಿ ಬಿಳಿ ಚುಕ್ಕೆಯಂತೆ ಕಂಡು ಗೊಂದಲ ಮಾಡುತ್ತದೆ. ಮೇಲಿನ ಬಟ್ಟೆ ಬೇರೆಯಾಗಿ ತೆಗೆಯಲು ಬರುವಂಥ ಉಡುಪು ತೊಡಿ. ತಡೆಯಲು ಆಗದಿದ್ದರೆ ನಿಲ್ಲಿಸಿ ಎಂದು ಹೇಳುವ ಹಕ್ಕು ನಿಮಗಿದೆ.

ವೈದ್ಯರ ಒಂದು ಮಾತು

ಈ ವಿಷಯದ ಮೇಲೆ ನಡೆದ ಸಮೀಕ್ಷೆಗಳಲ್ಲಿ ಮತ್ತೆ ಮತ್ತೆ ಮೇಲೆ ಬರುವ ಅಂಶ ಒಂದಿದೆ. ಪರಿಚಯದ ವೈದ್ಯರು "ನೀವು ಮಾಡಿಸಿಕೊಳ್ಳಿ" ಎಂದು ನೇರವಾಗಿ ಹೇಳಿದ್ದಾರೆಯೇ ಎಂಬುದು. ಓದು, ಆದಾಯ, ವಯಸ್ಸು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಆದರೆ ವೈದ್ಯರ ಸಲಹೆ ಇದ್ದವರು ಮತ್ತು ಇಲ್ಲದವರ ನಡುವಿನ ವ್ಯತ್ಯಾಸ ಎದ್ದು ಕಾಣುತ್ತದೆ.

ವೈದ್ಯರು ಯಾಕೆ ಹೇಳುವುದಿಲ್ಲ? ಜ್ವರ, ಬಿಪಿ, ಮಂಡಿನೋವು ಎಂದು ಬಂದವರ ಜೊತೆ ಕೆಲವೇ ನಿಮಿಷದಲ್ಲಿ ಇದನ್ನು ಎತ್ತಲು ಸಮಯ ಸಾಲುವುದಿಲ್ಲ. "ಹೇಳಲಿಲ್ಲ ಎಂದರೆ ಬೇಕಿಲ್ಲ ಅಂತ ಅರ್ಥ" ಎಂದು ಮಹಿಳೆ ತಿಳಿಯುತ್ತಾಳೆ. "ಕೇಳಲಿಲ್ಲ ಎಂದರೆ ಆಸಕ್ತಿ ಇಲ್ಲ" ಎಂದು ವೈದ್ಯರು ತಿಳಿಯುತ್ತಾರೆ. ಇಬ್ಬರೂ ಸುಮ್ನೆ ಉಳಿಯುತ್ತಾರೆ.

ಮನೆಯವರ ಪಾತ್ರವೂ ಕಡಿಮೆಯದಲ್ಲ. ಗಂಡ, ಮಗಳು, ಅಕ್ಕ ಜೊತೆಗೆ ಬರುತ್ತೇನೆ ಎಂದರೆ ಅರ್ಧ ಕೆಲಸ ಆದಂತೆ. ಎಲ್ಲರ ಆರೋಗ್ಯ ನೋಡಿಕೊಳ್ಳುವವಳು ತನ್ನದನ್ನು ಪಟ್ಟಿಯ ಕೊನೆಗೆ ಹಾಕಿಕೊಳ್ಳುವುದು ಜಗತ್ತಿನ ಎಲ್ಲ ಕಡೆ ಕಾಣುವ ಸಂಗತಿ.

ಹಣ, ದೂರ, ಬಿಡುವು

ಸಣ್ಣ ಮೊತ್ತವಾದರೆ ತೊಂದರೆ ಇಲ್ಲ ಎಂದು ಯೋಜನೆ ಮಾಡುವವರು ಅಂದುಕೊಳ್ಳುತ್ತಾರೆ. ಅಮೆರಿಕದಲ್ಲಿ ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್‌ನ ಅಡಿ ಬರುವ ಖಾಸಗಿ ಯೋಜನೆಗಳ ಮೇಲೆ 2008ರಲ್ಲಿ ಒಂದು ಅಧ್ಯಯನ ಬಂತು. ಕೆಲವು ಯೋಜನೆಗಳಲ್ಲಿ ಮ್ಯಾಮೊಗ್ರಾಮ್ ಪೂರ್ತಿ ಉಚಿತ. ಕೆಲವದರಲ್ಲಿ ಮಹಿಳೆಯೂ ಸ್ವಲ್ಪ ಕೊಡಬೇಕು, ಅದು ಹತ್ತು ಡಾಲರಿಗಿಂತ ತುಸು ಹೆಚ್ಚು ಇದ್ದರೂ ಲೆಕ್ಕಕ್ಕೆ ತೆಗೆದುಕೊಂಡರು. ಸ್ವಲ್ಪ ಕೊಡಬೇಕಿದ್ದ ಕಡೆ ತಪಾಸಣೆಯ ಪ್ರಮಾಣ ಶೇಕಡಾ 8ಕ್ಕೂ ಹೆಚ್ಚು ಅಂಶ ಕಡಿಮೆ ಇತ್ತು. 2010ರ ಆರೋಗ್ಯ ಕಾಯ್ದೆ ಆ ದೇಶದಲ್ಲಿ ಈ ಪಾಲು ಕೊಡುವ ಪದ್ಧತಿಯನ್ನು ಬಹುಪಾಲು ತೆಗೆದುಹಾಕಿತು.

ಪರೀಕ್ಷೆ ಬಿಟ್ಟಿಯಾದರೂ ಖರ್ಚು ಬಿಟ್ಟಿ ಅಲ್ಲ. ಹೋಗಿಬರುವ ಗಾಡಿ ಖರ್ಚು, ತಪ್ಪಿಹೋದ ದಿನದ ಸಂಬಳ, ಮಕ್ಕಳನ್ನೋ ಹಾಸಿಗೆ ಹಿಡಿದ ಹಿರಿಯರನ್ನೋ ಯಾರ ಹತ್ತಿರ ಬಿಡುವುದು ಎಂಬ ಚಿಂತೆ. ಕೆಲಸದ ವೇಳೆಯಲ್ಲಿ ಮಾತ್ರ ತೆರೆದಿರುವ ಕೇಂದ್ರ, ದಿನಗೂಲಿ ಮಾಡುವವಳ ಪಾಲಿಗೆ ಮುಚ್ಚಿದ ಕೇಂದ್ರವೇ. ಮ್ಯಾಮೊಗ್ರಾಮ್ ಯಂತ್ರವನ್ನು ದೊಡ್ಡ ವಾಹನದಲ್ಲಿಟ್ಟು ಜನ ಇರುವಲ್ಲಿಗೆ ಒಯ್ಯುವುದು, ಸಂಜೆ ಮತ್ತು ರಜೆ ದಿನ ತೆರೆಯುವುದು ಇದಕ್ಕಾಗಿಯೇ ಹುಟ್ಟಿದ ಉಪಾಯಗಳು.

ಕರೆದು, ಟೈಮ್ ಕೊಟ್ಟರೆ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಗಮನ ಸಿಗಬೇಕಾದದ್ದು ಇದು. ತಪಾಸಣೆ ನಡೆಯುವ ರೀತಿ ಎರಡು. ಒಂದರಲ್ಲಿ ಮಹಿಳೆಗೆ ತಾನೇ ಹೊಳೆದು, ತಾನೇ ವಿಚಾರಿಸಿ, ತಾನೇ ಹೋಗಬೇಕು. ಇನ್ನೊಂದರಲ್ಲಿ ವ್ಯವಸ್ಥೆಯೇ ಆಕೆಯ ವಯಸ್ಸು ನೋಡಿ ಪತ್ರ ಕಳಿಸಿ ಕರೆಯುತ್ತದೆ, ಬರದಿದ್ದರೆ ನೆನಪಿಸುತ್ತದೆ, ಫಲಿತಾಂಶ ತಲುಪಿಸುತ್ತದೆ, ಎರಡು ಮೂರು ವರ್ಷ ಕಳೆದ ಮೇಲೆ ಮತ್ತೆ ಕರೆಯುತ್ತದೆ. ಬ್ರಿಟನ್ 1988ರಿಂದ ಹೀಗೆ ಮಾಡುತ್ತಿದೆ. ಮೊದಲ ರೀತಿಯಲ್ಲಿ ಓದಿದವರು, ಅನುಕೂಲಸ್ಥರು, ಆಸ್ಪತ್ರೆ ಹತ್ತಿರ ಇರುವವರು ಮತ್ತೆ ಮತ್ತೆ ಮಾಡಿಸಿಕೊಳ್ಳುತ್ತಾರೆ, ಉಳಿದವರು ಹೊರಗೇ ಉಳಿಯುತ್ತಾರೆ. ಎರಡನೆಯದರಲ್ಲಿ ಆ ಅಂತರ ಕಿರಿದಾಗುತ್ತದೆ, ಪೂರ್ತಿ ಮುಚ್ಚುವುದಿಲ್ಲ.

ಪತ್ರದಲ್ಲಿ ಏನು ಬರೆದಿದೆ ಎಂಬುದೂ ಮುಖ್ಯ. ಮೊದಲ ಕರೆಗೆ ಬಾರದ ಮಹಿಳೆಯರ ಮೇಲೆ ಇಂಗ್ಲೆಂಡಿನಲ್ಲಿ ಒಂದು ಪ್ರಯೋಗ ನಡೆಯಿತು, ಫಲಿತಾಂಶ 2017ರಲ್ಲಿ ಬಂತು. ಒಂದು ಗುಂಪಿಗೆ "ಫೋನ್ ಮಾಡಿ ಸಮಯ ಗೊತ್ತುಮಾಡಿಕೊಳ್ಳಿ" ಎಂಬ ಪತ್ರ ಹೋಯಿತು. ಇನ್ನೊಂದಕ್ಕೆ "ಇಂಥ ದಿನ, ಇಷ್ಟು ಗಂಟೆಗೆ ನಿಮಗೆ ಸಮಯ ಇಟ್ಟಿದ್ದೇವೆ" ಎಂಬ ಪತ್ರ. ಮೊದಲ ಗುಂಪಿನಲ್ಲಿ ಬಂದವರು ಶೇ 12. ಎರಡನೆಯದರಲ್ಲಿ ಶೇ 22. ಮಹಿಳೆಯರ ತಿಳಿವಳಿಕೆ, ನಂಬಿಕೆ, ಭಯ ಯಾವುದೂ ಬದಲಾಗಿರಲಿಲ್ಲ. ಒಂದು ಫೋನ್ ಮಾಡುವ ಕೆಲಸ ತಪ್ಪಿತು, ಅಷ್ಟೇ. ಬರದೇ ಇದ್ದವರನ್ನು "ಕಾಳಜಿ ಇಲ್ಲದವರು" ಎಂದು ಬೈಯುವ ಮುಂಚೆ ಈ ಎರಡು ಅಂಕಿ ನೆನಪಿರಲಿ.

ಒಮ್ಮೆ ಬಂದವರು ಮತ್ತೆ ಬರುವ ಸಾಧ್ಯತೆ ಹೆಚ್ಚು ಎಂಬುದೂ ಸ್ಪಷ್ಟವಾಗಿದೆ. ಹಾಗಾಗಿ ಮೊದಲ ಸಲದ ಅನುಭವ ಹೇಗಿತ್ತು ಎಂಬುದು ಮುಂದಿನ ಇಪ್ಪತ್ತು ವರ್ಷವನ್ನು ತೀರ್ಮಾನಿಸಬಹುದು.

ಮತ್ತೆ ಕರೆದರು ಎಂದರೆ

ತಪಾಸಣೆಯಾದ ಮೇಲೆ "ಇನ್ನೊಂದು ಪರೀಕ್ಷೆಗೆ ಬನ್ನಿ" ಎಂದು ಕರೆ ಬಂದರೆ ಎದೆ ಧಸಕ್ಕೆನ್ನುತ್ತದೆ. ಬ್ರಿಟನ್ನಿನ ಲೆಕ್ಕದಲ್ಲಿ ತಪಾಸಣೆಯಾದ 100 ಮಹಿಳೆಯರಲ್ಲಿ ಸುಮಾರು 4 ಜನರನ್ನು ಹೀಗೆ ಕರೆಯುತ್ತಾರೆ. ಆ ನಾಲ್ವರಲ್ಲಿ ಒಬ್ಬರಿಗೆ ಮಾತ್ರ ಕ್ಯಾನ್ಸರ್ ಇರುತ್ತದೆ. ಉಳಿದ ಮೂವರಿಗೆ ಇನ್ನೊಂದು ಚಿತ್ರ, ಅಲ್ಟ್ರಾಸೌಂಡ್ ಅಥವಾ ಬಯಾಪ್ಸಿಯ ನಂತರ ಏನೂ ಇಲ್ಲ ಎಂದು ತಿಳಿಯುತ್ತದೆ. ಇದನ್ನು ಮೊದಲೇ ಹೇಳಿರದಿದ್ದರೆ ಆ ಕೆಲವು ದಿನಗಳ ತಳಮಳ ಅನುಭವಿಸಿದವರು ಮುಂದಿನ ಸಲ ಹಿಂದೇಟು ಹಾಕುವುದು ಸಹಜ.

ಚಿಕಿತ್ಸೆ ಸಿಗುತ್ತದೆಯೇ ಎಂಬ ಪ್ರಶ್ನೆಯೂ ತಪಾಸಣೆಯ ಜೊತೆಗೇ ಇದೆ. ಪತ್ತೆಯಾದರೆ ಮುಂದೆ ಎಲ್ಲಿಗೆ ಹೋಗಬೇಕು, ದುಡ್ಡು ಯಾರು ಕೊಡುತ್ತಾರೆ ಎಂದು ಗೊತ್ತಿಲ್ಲದವಳಿಗೆ ತಪಾಸಣೆ ಎಂದರೆ ಬಿಡಿಸಲಾಗದ ಗಂಟು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಶುರುಮಾಡಿದ ಜಾಗತಿಕ ಸ್ತನ ಕ್ಯಾನ್ಸರ್ ಕಾರ್ಯಕ್ರಮ ಅದಕ್ಕೇ ಮೂರು ಗುರಿಗಳನ್ನು ಒಟ್ಟಿಗೆ ಇಟ್ಟಿದೆ. ಶೇ 60ಕ್ಕೂ ಹೆಚ್ಚು ಕ್ಯಾನ್ಸರ್‌ಗಳು ಮೊದಲೆರಡು ಹಂತದಲ್ಲೇ ಪತ್ತೆಯಾಗಬೇಕು, ವೈದ್ಯರಲ್ಲಿಗೆ ಬಂದ 60 ದಿನಗಳೊಳಗೆ ಕಾಯಿಲೆ ಏನೆಂದು ಖಚಿತವಾಗಬೇಕು, ಶೇ 80 ರೋಗಿಗಳು ಚಿಕಿತ್ಸೆ ಪೂರ್ತಿ ಮುಗಿಸಬೇಕು.

ಪೂರ್ತಿ ಮಾಹಿತಿ ಕೊಟ್ಟರೆ ಜನ ಬರುವುದಿಲ್ಲವೇ?

ಅತಿಪತ್ತೆಯ ಬಗ್ಗೆ ಹೇಳಿದರೆ ಮಹಿಳೆಯರು ಹಿಂದೆ ಸರಿಯುತ್ತಾರೆ ಎಂಬ ಆತಂಕ ಆರೋಗ್ಯ ಇಲಾಖೆಗಳಿಗಿದೆ. ಆಸ್ಟ್ರೇಲಿಯಾದಲ್ಲಿ 50ರ ಆಸುಪಾಸಿನ ಮಹಿಳೆಯರ ಮೇಲೆ ಇದನ್ನು ನೋಡಿದರು. 2015ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಅತಿಪತ್ತೆಯ ವಿವರ ಓದಿದವರಲ್ಲಿ ಶೇ 74 ಜನ ತಪಾಸಣೆ ಮಾಡಿಸುವುದಾಗಿ ಹೇಳಿದರು. ಆ ವಿವರ ಇಲ್ಲದ ಕರಪತ್ರ ಓದಿದವರಲ್ಲಿ ಶೇ 87. ಇಳಿದದ್ದು ನಿಜ. ಆದರೂ ಎಲ್ಲ ಗೊತ್ತಾದ ಮೇಲೂ ನಾಲ್ವರಲ್ಲಿ ಸುಮಾರು ಮೂವರು ಮಾಡಿಸುತ್ತೇನೆ ಎಂದರು. ಇವರ ತೀರ್ಮಾನ ತಿಳಿದು ಮಾಡಿದ್ದು.

ಯಾವ ವಯಸ್ಸಿಗೆ ಶುರು ಮಾಡಬೇಕು ಎಂಬಲ್ಲೂ ಗೊಂದಲ ಇದೆ, ಆ ಗೊಂದಲವೂ ಒಂದು ಅಡ್ಡಿ. ಅಮೆರಿಕದ ತಜ್ಞರ ಕಾರ್ಯಪಡೆ 2016ರಲ್ಲಿ 50ರಿಂದ ಎಂದಿತ್ತು, 2024ರಲ್ಲಿ 40ರಿಂದ 74ರವರೆಗೆ ಎರಡು ವರ್ಷಕ್ಕೊಮ್ಮೆ ಎಂದು ಬದಲಿಸಿತು. ಬ್ರಿಟನ್ನಿನಲ್ಲಿ 50ರಿಂದ 71ರವರೆಗೆ ಮೂರು ವರ್ಷಕ್ಕೊಮ್ಮೆ. ಲಾಭ ಮತ್ತು ತೊಂದರೆಯನ್ನು ಪ್ರತಿ ದೇಶವೂ ತನ್ನ ಲೆಕ್ಕದಲ್ಲಿ ತೂಗುವುದರಿಂದ ಈ ವ್ಯತ್ಯಾಸ. 50ರಿಂದ 69ರ ನಡುವೆ ಲಾಭ ಹೆಚ್ಚು ಖಚಿತ ಎಂಬಲ್ಲಿ ಬಹುಪಾಲು ಎಲ್ಲರೂ ಒಪ್ಪುತ್ತಾರೆ. ಅಮ್ಮ, ಅಕ್ಕತಂಗಿ, ಮಗಳಿಗೆ ಚಿಕ್ಕ ವಯಸ್ಸಿನಲ್ಲೇ ಬಂದಿದ್ದರೆ ಈ ಸಾಮಾನ್ಯ ಸಲಹೆ ನಿಮಗೆ ಸಾಲುವುದಿಲ್ಲ. ಬೇಗ ಶುರು ಮಾಡಬೇಕೇ, ಎಂಆರ್‌ಐ ಬೇಕೇ ಎಂದು ವೈದ್ಯರನ್ನು ನೀವೇ ಕೇಳಿ. ಅವರು ಎತ್ತಲಿ ಎಂದು ಕಾಯಬೇಡಿ.

ಹೊಸ ಗಂಟು ಅಥವಾ ಗಡುಸಾದ ಜಾಗ, ಕಂಕುಳಲ್ಲಿ ಊತ, ಚರ್ಮ ಒಳಗೆ ಎಳೆದಂತೆ ಗುಳಿ ಬೀಳುವುದು ಅಥವಾ ಕಿತ್ತಳೆ ಸಿಪ್ಪೆಯಂತಾಗುವುದು, ತೊಟ್ಟು ಹೊಸದಾಗಿ ಒಳಸರಿಯುವುದು, ತೊಟ್ಟಿನಿಂದ ರಕ್ತ ಬರುವುದು ಕಂಡರೆ ಸ್ಕ್ರೀನಿಂಗ್‌ನ ಸರದಿಗೆ ಕಾಯುವ ಮಾತೇ ಇಲ್ಲ. ಕಳೆದ ತಿಂಗಳಷ್ಟೇ ಮ್ಯಾಮೊಗ್ರಾಮ್ ಸರಿ ಇದೆ ಎಂದು ಬಂದಿದ್ದರೂ ಹೋಗಿ ತೋರಿಸಿ. ಎರಡು ತಪಾಸಣೆಗಳ ನಡುವೆ ಕಾಣಿಸಿಕೊಳ್ಳುವ ಕ್ಯಾನ್ಸರ್‌ಗಳೂ ಇವೆ.